ಹೃದಯಸ್ತಂಭನವೂ ಡಿಫಿಬ್ರಿಲೇಟರುಗಳ ನಕ್ಷೆಯೂ

ಹೃದಯಾಘಾತ, ಹೃದಯಸ್ತಂಭನ ಎಂಬ ಎರಡು ಮಾತುಗಳನ್ನು ಜನಸಾಮಾನ್ಯರು ಒಂದೇ ಅರ್ಥದಲ್ಲಿ ಬಳಸುವುದು ರೂಢಿ. ಪತ್ರಿಕೆಗಳಲ್ಲಿಯೂ ಈ ಬೆರಕೆ ಆಗಾಗ ಕಂಡುಬರುತ್ತದೆ. ಆದರೆ ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಹೃದಯದ ಸ್ನಾಯುವಿಗೇ ರಕ್ತವನ್ನೊಯ್ಯುವ ಧಮನಿಯೊಂದು ಮುಚ್ಚಿಹೋಗಿ, ಆ ಸ್ನಾಯುವಿನ ಒಂದು ಭಾಗ ಸಾಯತೊಡಗುವುದು ಹೃದಯಾಘಾತ. ಆಗ ರೋಗಿಗೆ ಎದೆನೋವು ಬರುತ್ತದೆ, ಬೆವರು ಬಿಡುತ್ತದೆ. ಆದರೆ ಸಾಮಾನ್ಯವಾಗಿ ಆತನಿಗೆ ಎಚ್ಚರವಿರುತ್ತದೆ, ನಾಡಿ ಮಿಡಿಯುತ್ತಿರುತ್ತದೆ. ಹೃದಯಸ್ತಂಭನದಲ್ಲಾದರೋ ಹೃದಯವು ರಕ್ತವನ್ನು ನೂಕುವುದನ್ನೇ ನಿಲ್ಲಿಸಿಬಿಡುತ್ತದೆ. ನಿಂತವನು ನಿಂತಲ್ಲಿಯೇ ಕುಸಿಯುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರು ನಿಲ್ಲುತ್ತದೆ ಅಥವಾ ಎಳೆದೆಳೆದು ಬಿಡುವ ಏದುಸಿರಾಗುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಆದರೆ ಎಲ್ಲ ಹೃದಯಾಘಾತಗಳೂ ಹೃದಯಸ್ತಂಭನದಲ್ಲಿ ಕೊನೆಗಾಣುವುದಿಲ್ಲ, ಎಲ್ಲ ಹೃದಯಸ್ತಂಭನಗಳೂ ಹೃದಯಾಘಾತದಿಂದ ಹುಟ್ಟುವುದಿಲ್ಲ.

ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣವುಂಟು. ಹೃದಯಾಘಾತಕ್ಕೆ ಚಿಕಿತ್ಸೆ ಆಸ್ಪತ್ರೆಯಲ್ಲಿ ದೊರೆಯುತ್ತದೆ. ಹೃದಯಸ್ತಂಭನಕ್ಕೆ ಚಿಕಿತ್ಸೆ ದೊರೆಯಬೇಕಾದುದು ಬಿದ್ದ ಸ್ಥಳದಲ್ಲಿಯೇ, ಅದೂ ಮೊದಲ ಕೆಲವು ನಿಮಿಷಗಳಲ್ಲಿ. ಅಕಸ್ಮಾತ್ತಾಗಿ ಸಂಭವಿಸುವ ಸ್ತಂಭನಗಳಲ್ಲಿ ಅನೇಕ ಸಲ ಹೃತ್ಕುಕ್ಷಿಗಳು ಪೂರ್ತಿ ನಿಶ್ಚಲವಾಗಿರುವುದಿಲ್ಲ. ಕ್ರಮಗೆಟ್ಟು ಸುಮ್ಮನೆ ಅದುರುತ್ತಿರುತ್ತವೆ. ಸಾವಿರ ಜನ ಹಗ್ಗ ಹಿಡಿದಿದ್ದರೂ ಪ್ರತಿಯೊಬ್ಬನೂ ತನಗೆ ತೋಚಿದ ಕ್ಷಣದಲ್ಲಿ ಎಳೆದರೆ ತೇರು ಕದಲದು. ಹೃತ್ಕುಕ್ಷಿಯ ಕಂಪನದ ಸ್ಥಿತಿಯೂ ಅಂಥದೇ. ಈ ಗೊಂದಲವನ್ನು ನಿಲ್ಲಿಸುವ ಸಾಧನ ವಿದ್ಯುದಾಘಾತವೊಂದೇ. ಅದು ಎಲ್ಲ ಸ್ನಾಯುತಂತುಗಳನ್ನೂ ಒಮ್ಮೆಗೇ ಸುಮ್ಮನಾಗಿಸುತ್ತದೆ. ಬಳಿಕ ಹೃದಯದ ಸಹಜವಾದ ಗತಿನಿಯಾಮಕವು ತನ್ನ ಲಯವನ್ನು ಮತ್ತೆ ಹಿಡಿಯಲು ಅವಕಾಶ ದೊರೆಯುತ್ತದೆ. ಆಘಾತ ಕೊಡುವ ಯಂತ್ರಕ್ಕೆ ಡಿಫಿಬ್ರಿಲೇಟರ್ ಎಂದು ಹೆಸರು. ಯಾವ ನೆರವೂ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಯಾರಾದರೂ ಎದೆಯನ್ನು ಒತ್ತುತ್ತಿದ್ದರೆ ಈ ಇಳಿತ ಶೇಕಡಾ 3ರಿಂದ 4ಕ್ಕೆ ತಗ್ಗುತ್ತದೆ. ಅತ್ಯಂತ ಚುರುಕಾದ ಆಂಬುಲೆನ್ಸ್ ವ್ಯವಸ್ಥೆಯುಳ್ಳ ನಗರದಲ್ಲಿಯೂ ವಾಹನ ಬರುವ ವೇಳೆಗೆ ಈ ಲೆಕ್ಕದ ಬಹುಭಾಗ ಮುಗಿದುಹೋಗಿರುತ್ತದೆ ಎಂಬುದನ್ನು ಗಣಿತ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಯಂತ್ರವು ಆಸ್ಪತ್ರೆಯಿಂದ ಬೀದಿಗೆ ಬಂದ ಕಥೆ ಸ್ವಾರಸ್ಯಕರವಾದುದು. 1899ರಲ್ಲಿ ಜಿನೀವಾದ ಪ್ರೆವೋ ಮತ್ತು ಬಟೆಲ್ಲಿ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ಪ್ರಯೋಗ ನಡೆಸಿ, ವಿದ್ಯುತ್ತು ಹೃದಯದ ಕಂಪನವನ್ನು ಉಂಟುಮಾಡಬಲ್ಲದು, ನಿಲ್ಲಿಸಲೂ ಬಲ್ಲದು ಎಂದು ತೋರಿಸಿದರು. ಆದರೆ ಮನುಷ್ಯನಿಗೆ ಅದರ ಪ್ರಯೋಜನ ದೊರೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. 1947ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕ್ಲಾಡ್ ಬೆಕ್ ಎಂಬ ಶಸ್ತ್ರವೈದ್ಯರು 14 ವರ್ಷದ ಬಾಲಕನೊಬ್ಬನ ತೆರೆದ ಎದೆಯೊಳಗೆ ಹೃದಯಕ್ಕೆ ನೇರವಾಗಿ ಆಘಾತ ಕೊಟ್ಟು ಆತನನ್ನು ಉಳಿಸಿದರು. 1956ರಲ್ಲಿ ಪಾಲ್ ಜೋಲ್ ಎದೆಯನ್ನು ತೆರೆಯದೆಯೇ ಇದನ್ನು ಸಾಧಿಸಬಹುದೆಂದು ಪ್ರಕಟಿಸಿದರು. 1960ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕೌವೆನ್‌ಹೋವೆನ್, ನಿಕ್ಕರ್‌ಬಾಕರ್, ಜೂಡ್ ಎಂಬ ಮೂವರು ಎದೆಯ ಮೂಳೆಯನ್ನು ಹೊರಗಿನಿಂದ ಲಯಬದ್ಧವಾಗಿ ಒತ್ತುವುದರಿಂದಲೇ ಸ್ವಲ್ಪ ಕಾಲ ರಕ್ತಪರಿಚಲನೆಯನ್ನು ನಡೆಸಬಹುದೆಂದು ಸಾರಿದರು. ಈ ಮೂವರಲ್ಲಿ ಹಿರಿಯರಾದ ಕೌವೆನ್‌ಹೋವೆನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್ ಎಂಬುದು ಗಮನಾರ್ಹ.

ಇಷ್ಟಾದರೂ ಯಂತ್ರ ಆಸ್ಪತ್ರೆಯ ಗೋಡೆಯೊಳಗೇ ಉಳಿದಿತ್ತು. ರೋಗಿಯನ್ನು ಯಂತ್ರದ ಬಳಿಗೆ ಒಯ್ಯುವುದಕ್ಕೆ ಬದಲಾಗಿ ಯಂತ್ರವನ್ನೇ ರೋಗಿಯ ಬಳಿಗೆ ಏಕೆ ಒಯ್ಯಬಾರದು ಎಂದು ಕೇಳಿ ಅದಕ್ಕೆ ಉತ್ತರವನ್ನೂ ಕಂಡುಕೊಂಡವರು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ರಾಯಲ್ ವಿಕ್ಟೋರಿಯಾ ಆಸ್ಪತ್ರೆಯ ಡಾ. ಫ್ರಾಂಕ್ ಪ್ಯಾಂಟ್ರಿಜ್. 1965ರಲ್ಲಿ ಅವರು ಮೋಟಾರು ಕಾರಿನ ಬ್ಯಾಟರಿಗಳಿಂದ ನಡೆಯುವ ಡಿಫಿಬ್ರಿಲೇಟರನ್ನು ಸಿದ್ಧಪಡಿಸಿ ಆಂಬುಲೆನ್ಸಿನಲ್ಲಿ ಇರಿಸಿದರು. ಅದರ ತೂಕ ಸುಮಾರು 70 ಕಿಲೋ, ಅಂದರೆ ಆಳುದ್ದದ ಮನುಷ್ಯನೊಬ್ಬನಷ್ಟು! ಇಂದು ಸಾರ್ವಜನಿಕ ಸ್ಥಳಗಳಲ್ಲಿ ಇರಿಸುವ ಯಂತ್ರ ಕೈಚೀಲದಷ್ಟು ಗಾತ್ರದ್ದು, ಕೆಲವೇ ಕಿಲೋ ತೂಗುತ್ತದೆ. ಅದರ ಗುಂಡಿಯನ್ನೊತ್ತಿದರೆ ಅಥವಾ ಮುಚ್ಚಳ ತೆರೆದರೆ ಅದೇ ಮಾತನಾಡಿ ಮುಂದಿನ ಹೆಜ್ಜೆಗಳನ್ನು ಹೇಳಿಕೊಡುತ್ತದೆ. ಎದೆಗೆ ಅಂಟಿಸಿದ ಎರಡು ಪಟ್ಟಿಗಳ ಮೂಲಕ ಹೃದಯದ ಲಯವನ್ನು ತಾನೇ ಓದಿ, ಅವಶ್ಯವಿದ್ದರೆ ಮಾತ್ರ ಆಘಾತಕ್ಕೆ ಸಿದ್ಧವಾಗುತ್ತದೆ. ಅವಶ್ಯವಿಲ್ಲದವನಿಗೆ ಅಜಾಗರೂಕತೆಯಿಂದ ಆಘಾತ ಕೊಟ್ಟೇವೆಂಬ ಭಯಕ್ಕೆ ಇಲ್ಲಿ ಆಸ್ಪದ ಬಹಳ ಕಡಿಮೆ.

ಸಾಮಾನ್ಯರ ಕೈಯಲ್ಲಿ ಈ ಯಂತ್ರ ಕೆಲಸ ಮಾಡೀತೇ ಎಂಬ ಸಂಶಯ ಬಹುಕಾಲ ಇದ್ದಿತು. ಅದನ್ನು ನಿವಾರಿಸಿದ್ದು ಎರಡು ಅಧ್ಯಯನಗಳು. ಮೊದಲನೆಯದು ಅಮೆರಿಕದ ಜೂಜುಕಟ್ಟೆಗಳಲ್ಲಿ ನಡೆದದ್ದು. ಸ್ಥಳವೇನೋ ಶ್ಲಾಘ್ಯವಾದುದಲ್ಲ, ಆದರೆ ಅಲ್ಲಿ ಹಗಲಿರುಳೂ ಕಾವಲುಗಾರರಿದ್ದರು, ಬಿದ್ದವನು ತಕ್ಷಣ ಕಣ್ಣಿಗೆ ಬೀಳುತ್ತಿದ್ದ. 2000ದಲ್ಲಿ ಪ್ರಕಟವಾದ ವರದಿಯ ಪ್ರಕಾರ, ಕುಸಿದ 3 ನಿಮಿಷಗಳೊಳಗೆ ಆಘಾತ ಪಡೆದವರಲ್ಲಿ ಶೇಕಡಾ 74 ಮಂದಿ ಆಸ್ಪತ್ರೆಯಿಂದ ಜೀವಂತವಾಗಿ ಮನೆಗೆ ಮರಳಿದರು. 3 ನಿಮಿಷ ಮೀರಿದವರಲ್ಲಿ ಶೇಕಡಾ 49. ಎರಡನೆಯದು ಶಿಕಾಗೋ ನಗರದ ವಿಮಾನ ನಿಲ್ದಾಣಗಳದು. ಬಿರುಸಾಗಿ ನಡೆದರೆ ಒಂದರಿಂದ ಒಂದೂವರೆ ನಿಮಿಷದಲ್ಲಿ ಕೈಗೆಟಕುವಂತೆ ಅಲ್ಲಿ ಯಂತ್ರಗಳನ್ನು ಇರಿಸಲಾಗಿತ್ತು. 1999ರಿಂದ ಎರಡು ವರ್ಷಗಳಲ್ಲಿ ಹೃತ್ಕುಕ್ಷಿಯ ಕಂಪನಕ್ಕೆ ಒಳಗಾದ 18 ಮಂದಿಯಲ್ಲಿ 11 ಮಂದಿ ಚೇತರಿಸಿಕೊಂಡರು. ಆ 11ರಲ್ಲಿ 6 ಮಂದಿಗೆ ನೆರವಾದವರು ಅಂಥ ಯಂತ್ರವನ್ನು ಬಳಸುವ ತರಬೇತಿಯನ್ನಾಗಲಿ ಅನುಭವವನ್ನಾಗಲಿ ಪಡೆದವರಲ್ಲ. ಅವರಲ್ಲಿ ಮೂವರು ವೈದ್ಯ ಪದವೀಧರರಾಗಿದ್ದರೆಂಬುದು ನಿಜ.

ಆದ್ದರಿಂದ ಯಂತ್ರವನ್ನು ಕೊಂಡು ಗೋಡೆಗೆ ತೂಗುಹಾಕಿದರೆ ಸಮಸ್ಯೆ ಬಗೆಹರಿಯಿತೆಂದು ತೋರಬಹುದು. ಹಾಗೆ ಆಗಲಿಲ್ಲ. ವಿಮಾನ ನಿಲ್ದಾಣ, ಜೂಜುಕಟ್ಟೆಗಳಿಗೆ ಒಬ್ಬನೇ ಯಜಮಾನ, ಒಂದೇ ಕಾವಲು ಪಡೆ; ಯಂತ್ರ ಎಲ್ಲಿದೆಯೆಂಬುದು ಅವರಿಗೆ ತಿಳಿದಿರುತ್ತದೆ. ಊರಿಗೆ ಹಾಗೆ ಒಬ್ಬ ಯಜಮಾನನಿಲ್ಲ. ಬ್ಯಾಂಕು ಒಂದನ್ನು ಕೊಳ್ಳುತ್ತದೆ, ವ್ಯಾಯಾಮಶಾಲೆ ಇನ್ನೊಂದನ್ನು, ಕಚೇರಿಯ ಕಟ್ಟಡ ಮತ್ತೊಂದನ್ನು. ಮಾರಿದವನು ಲೆಕ್ಕ ಬರೆದುಕೊಂಡು ಮರೆಯುತ್ತಾನೆ, ಕೊಂಡವನು ಕಪಾಟಿನಲ್ಲಿಟ್ಟು ಮರೆಯುತ್ತಾನೆ. ಹೊರಗೆ ಬೀದಿಯಲ್ಲಿ ಒಬ್ಬ ಕುಸಿದಾಗ, ಐವತ್ತು ಹೆಜ್ಜೆ ಆಚೆಗಿನ ಗೋಡೆಯ ಹಿಂದೆ ಆತನ ಪ್ರಾಣ ತೂಗುತ್ತಿದೆ ಎಂಬುದು ಸುತ್ತ ನೆರೆದವರಿಗೂ ತಿಳಿಯದು, ದೂರವಾಣಿಯಲ್ಲಿ ಕರೆಯನ್ನು ಸ್ವೀಕರಿಸುವ ಆಂಬುಲೆನ್ಸ್ ಕೇಂದ್ರಕ್ಕೂ ತಿಳಿಯದು. ಎಲ್ಲಿದೆಯೆಂದು ತಿಳಿಯದ ಯಂತ್ರವು ಆ ಗಳಿಗೆಯ ಮಟ್ಟಿಗೆ ಇಲ್ಲದ ಯಂತ್ರವೇ ಸರಿ.

ಈ ಕೊರತೆಯನ್ನು ತುಂಬಲು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 2012ರಲ್ಲಿ ನಡೆದ ಪ್ರಯತ್ನ ಅಧ್ಯಾಪಕರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ನಗರದಲ್ಲಿ ಎಷ್ಟು ಯಂತ್ರಗಳಿವೆ, ಎಲ್ಲಿವೆ ಎಂಬ ಪೂರ್ಣ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯೆ ಡಾ. ರೈನಾ ಮರ್ಚೆಂಟ್ ಮತ್ತು ಅವರ ಸಹೋದ್ಯೋಗಿಗಳು ಪಟ್ಟಿಯನ್ನು ತಾವೇ ಕುಳಿತು ತಯಾರಿಸುವ ಬದಲು ನಗರದ ಜನರ ಮುಂದೆ ಒಂದು ಸ್ಪರ್ಧೆಯನ್ನಿಟ್ಟರು. ಮೊಬೈಲ್ ಫೋನ್ ಹಿಡಿದು ಹೊರಡಿ, ಯಂತ್ರ ಕಂಡಲ್ಲಿ ಅದರ ಚಿತ್ರವನ್ನು ತೆಗೆದು ಸ್ಥಳದ ವಿವರದೊಡನೆ ಕಳುಹಿಸಿ, ಹೆಚ್ಚು ಹುಡುಕಿದವರಿಗೆ 10,000 ಡಾಲರ್ ಬಹುಮಾನ ಎಂದು ಸಾರಿದರು. ಎಂಟು ವಾರಗಳಲ್ಲಿ 313 ತಂಡಗಳೂ ವ್ಯಕ್ತಿಗಳೂ ಸೇರಿ 528 ಕಟ್ಟಡಗಳಲ್ಲಿ 1,429 ಯಂತ್ರಗಳನ್ನು ಪತ್ತೆಹಚ್ಚಿದರು. ಗೆದ್ದ ಇಬ್ಬರು ತಲಾ ನಾನೂರಕ್ಕೂ ಹೆಚ್ಚು ಯಂತ್ರಗಳನ್ನು ಹುಡುಕಿದ್ದರು. ಪಾಂಡಿತ್ಯದ ಕೆಲಸ ಇದಲ್ಲ. ಬಾಗಿಲು ತಟ್ಟುವ, ಮೆಟ್ಟಿಲು ಹತ್ತುವ, ಕಾವಲುಗಾರನನ್ನು ಕೇಳುವ ಕೆಲಸ. ಆದರೂ ವರ್ಷಗಟ್ಟಲೆ ಇಲ್ಲದಿದ್ದ ಜ್ಞಾನವೊಂದು ಎರಡು ತಿಂಗಳಲ್ಲಿ ನಗರಕ್ಕೆ ಲಭಿಸಿತು.

ಪಟ್ಟಿಯೊಂದು ಸಿದ್ಧವಾದ ಮೇಲೆ ಅದನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗ ಮತ್ತೊಂದು ಸತ್ಯ ಹೊರಬೀಳುತ್ತದೆ. ಕೆನಡಾದ ಟೊರಾಂಟೋ ನಗರದ ಸಂಶೋಧಕರು ಸಾರ್ವಜನಿಕ ಸ್ಥಳಗಳಲ್ಲಿ ಸಂಭವಿಸಿದ 1,310 ಹೃದಯಸ್ತಂಭನಗಳನ್ನೂ ನೋಂದಾಯಿತವಾಗಿದ್ದ 1,669 ಯಂತ್ರಗಳನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿದರು. 100 ಮೀಟರ್ ಅಳತೆಯೊಳಗೆ ಯಂತ್ರವಿದ್ದದ್ದು 304 ಪ್ರಸಂಗಗಳಲ್ಲಿ, ಅಂದರೆ ಶೇಕಡಾ 23ರಷ್ಟರಲ್ಲಿ ಮಾತ್ರ. ಯಂತ್ರಗಳ ಸಂಖ್ಯೆ ಸ್ತಂಭನಗಳ ಸಂಖ್ಯೆಗಿಂತ ಹೆಚ್ಚಿದ್ದಿತು. ಆದರೆ ಕೊಳ್ಳುವ ಶಕ್ತಿ ಇದ್ದವರ ಬಳಿ ಅವು ಕೂಡಿಕೊಂಡಿದ್ದವು, ಜನ ಬೀಳುವ ಸ್ಥಳಗಳಲ್ಲಿ ಇರಲಿಲ್ಲ. 2013ರಲ್ಲಿ ಪ್ರಕಟವಾದ ಈ ಲೆಕ್ಕ ಭೂಗೋಳದ ಪಾಠವೂ ಹೌದು, ಅರ್ಥಶಾಸ್ತ್ರದ ಪಾಠವೂ ಹೌದು.

ಸ್ಥಳದಷ್ಟೇ ಮುಖ್ಯವಾದ ಮತ್ತೊಂದು ಅಂಶ ಕಾಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ಈ ವಿಷಯದಲ್ಲಿ ಕಲಿಸಿದ ಪಾಠ ಕಟುವಾದುದು. ಆ ದೇಶದಲ್ಲಿ 2007ರಿಂದಲೇ ಯಂತ್ರಗಳ ನೋಂದಣಿ ವ್ಯವಸ್ಥೆ ಆರಂಭವಾಗಿತ್ತು. ಸಂಶೋಧಕರು ಆ ನಗರದ ಸಾರ್ವಜನಿಕ ಸ್ಥಳಗಳಲ್ಲಿ 1994ರಿಂದ 2011ರವರೆಗೆ ಸಂಭವಿಸಿದ 1,864 ಹೃದಯಸ್ತಂಭನಗಳನ್ನು ನೋಂದಾಯಿತ 552 ಯಂತ್ರಗಳೊಡನೆ ಹೋಲಿಸಿದರು. ಸ್ಥಳವನ್ನಷ್ಟೇ ಪರಿಗಣಿಸಿದರೆ ಶೇಕಡಾ 28.8 ಪ್ರಸಂಗಗಳಲ್ಲಿ 100 ಮೀಟರ್ ಒಳಗೆ ಯಂತ್ರವುಂಟು. ಆದರೆ ಬಾಗಿಲು ತೆರೆದಿರುವ ವೇಳೆಯನ್ನೂ ಸೇರಿಸಿ ನೋಡಿದಾಗ ಚಿತ್ರ ಬದಲಾಯಿತು. ದಿನದ 24 ಗಂಟೆಯೂ ಕೈಗೆ ಸಿಗುವ ಯಂತ್ರಗಳು ಶೇಕಡಾ 9.1 ಮಾತ್ರ. ಸಂಜೆ, ರಾತ್ರಿ ಮತ್ತು ವಾರದ ಕೊನೆಯ ರಜಾ ದಿನಗಳಲ್ಲಿ ನಕ್ಷೆಯ ಮೇಲಿನ ರಕ್ಷಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಅಳಿಸಿಹೋಗುತ್ತಿತ್ತು. ಕಚೇರಿಯ ಬೀಗ ಬಿದ್ದೊಡನೆ ಒಳಗಿನ ಯಂತ್ರಕ್ಕೂ ಬೀಗ ಬೀಳುತ್ತದಲ್ಲವೇ? ಹೃದಯವಾದರೋ ಕಚೇರಿಯ ವೇಳೆಯನ್ನು ನೋಡಿ ನಿಲ್ಲುವುದಿಲ್ಲ.

ಡೆನ್ಮಾರ್ಕಿನ ಅನುಭವಕ್ಕೆ ಇನ್ನೊಂದು ಮುಖವೂ ಇದೆ. ಅಲ್ಲಿ 2005ರಿಂದ ಪ್ರಾಥಮಿಕ ಶಾಲೆಗಳಲ್ಲಿ, 2006ರಿಂದ ವಾಹನ ಚಾಲನೆಯ ಪರವಾನಗಿ ಪಡೆಯುವವರಿಗೆ ಎದೆಯೊತ್ತುವ ಪ್ರಥಮ ಚಿಕಿತ್ಸೆಯ ಶಿಕ್ಷಣವನ್ನು ಕಡ್ಡಾಯಗೊಳಿಸಲಾಯಿತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯಸ್ತಂಭನಕ್ಕೀಡಾದವರಲ್ಲಿ ಶೇಕಡಾ 21.1 ಮಂದಿಗೆ ಮಾತ್ರ ಹತ್ತಿರವಿದ್ದವರಿಂದ ಈ ನೆರವು ದೊರೆತಿತ್ತು. 2010ರ ವೇಳೆಗೆ ಅದು ಶೇಕಡಾ 44.9ಕ್ಕೆ ಏರಿತು. 30 ದಿನಗಳ ಅನಂತರವೂ ಬದುಕಿದ್ದವರ ಪ್ರಮಾಣ ಶೇಕಡಾ 3.5ರಿಂದ 10.8ಕ್ಕೆ ಹೆಚ್ಚಿತು. ಆದರೆ ಹತ್ತಿರವಿದ್ದವರು ಡಿಫಿಬ್ರಿಲೇಟರ್ ಬಳಸಿದ ಪ್ರಮಾಣ ಮಾತ್ರ ಶೇಕಡಾ 1.1ರಿಂದ 2.2ಕ್ಕೆ ತೆವಳಿತು. ಕೈಗಳು ಶಾಲೆಯಲ್ಲಿ ಕಲಿತು ಮುಂದೆ ಬಂದವು. ಯಂತ್ರಗಳು ಬಾಗಿಲ ಹಿಂದೆಯೇ ಉಳಿದವು. ಕಲಿಸಿದ ಅಧ್ಯಾಪಕರಿಗೆ ಸಲ್ಲಬೇಕಾದ ಶ್ರೇಯಸ್ಸನ್ನು ಈ ಅಂಕಿಗಳೇ ಸಲ್ಲಿಸುತ್ತವೆ.

ಬಳಿಕ ಬಂದ ಸುಧಾರಣೆಗಳು ಈ ಬಾಗಿಲನ್ನು ತೆರೆಯುವ ಪ್ರಯತ್ನಗಳೇ. ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಕೆಂಪು ಟೆಲಿಫೋನ್ ಗೂಡುಗಳನ್ನು ಹಳ್ಳಿಯವರು ವಹಿಸಿಕೊಂಡು ಒಳಗೆ ಯಂತ್ರಗಳನ್ನು ಇರಿಸಿದರು. ಪೆಟ್ಟಿಗೆಗೆ ಸಂಕೇತ ಸಂಖ್ಯೆಯ ಬೀಗವಿದ್ದಲ್ಲಿ, ಆಂಬುಲೆನ್ಸ್ ಕೇಂದ್ರಕ್ಕೆ ಕರೆ ಮಾಡಿದವರಿಗೆ ಆ ಸಂಖ್ಯೆಯನ್ನು ತಿಳಿಸಲಾಗುತ್ತದೆ. ಆ ದೇಶದ ಯಂತ್ರಗಳ ಸ್ಥಳವನ್ನು ಆಂಬುಲೆನ್ಸ್ ಕೇಂದ್ರಗಳಿಗೆ ತಿಳಿಸಲು ಬ್ರಿಟಿಷ್ ಹಾರ್ಟ್ ಫೌಂಡೇಷನ್ ಸಂಸ್ಥೆಯು ‘ದಿ ಸರ್ಕಿಟ್’ ಎಂಬ ರಾಷ್ಟ್ರೀಯ ನೋಂದಣಿ ಜಾಲವನ್ನು ಕಟ್ಟಿದೆ. ಡೆನ್ಮಾರ್ಕಿನಲ್ಲಿ 2017ರಿಂದ ತರಬೇತಾದ ಸ್ವಯಂಸೇವಕರ ಫೋನುಗಳಿಗೇ ಕರೆ ಹೋಗುತ್ತದೆ. ಕೆಲವರು ನೇರವಾಗಿ ರೋಗಿಯತ್ತ ಓಡುತ್ತಾರೆ, ಕೆಲವರು ನಕ್ಷೆ ತೋರಿಸಿದ ಯಂತ್ರವನ್ನು ತೆಗೆದುಕೊಂಡು ಬರುತ್ತಾರೆ. ನೆದರ್‌ಲ್ಯಾಂಡ್ಸಿನಲ್ಲಿಯೂ ಇಂಥ ವ್ಯವಸ್ಥೆಯಿದೆ. ಆರು ನಿಮಿಷಗಳೊಳಗೆ ನೆರವು ತಲಪುವಂತೆ ವಸತಿ ಪ್ರದೇಶಗಳನ್ನು ಅಣಿಗೊಳಿಸುವುದು ಅಲ್ಲಿನ ಗುರಿ. ವಸತಿ ಪ್ರದೇಶಗಳ ಮಾತು ಇಲ್ಲಿ ಮುಖ್ಯ, ಏಕೆಂದರೆ ಹೃದಯಸ್ತಂಭನಗಳಲ್ಲಿ ಬಹುಪಾಲು ಸಂಭವಿಸುವುದು ಮನೆಗಳಲ್ಲಿ. ಪೇಟೆ, ನಿಲ್ದಾಣಗಳ ಯಂತ್ರಗಳಷ್ಟೇ ಸಾಲವು. ಕೇರಿಯ ಯಂತ್ರವೂ ಬೇಕು, ಅದನ್ನು ಎತ್ತಿಕೊಂಡು ಓಡುವ ನೆರೆಯವನೂ ಬೇಕು.

ಕರ್ನಾಟಕದಲ್ಲಿ ಈ ವಿಷಯ ಮನೆಮಾತಾದದ್ದು 2021ರ ಅಕ್ಟೋಬರ್ 29ರಂದು. ಕನ್ನಡದ ಜನಪ್ರಿಯ ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಅಕಸ್ಮಾತ್ತಾಗಿ ನಿಧನರಾದ ಆ ದಿನ ನಾಡಿನ ಮನೆಮನೆಯಲ್ಲಿ ಹೃದಯದ ಮಾತು ಎದ್ದಿತು. 2023ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಸ್ವಯಂಚಾಲಿತ ಡಿಫಿಬ್ರಿಲೇಟರುಗಳನ್ನು ಅವರ ಹೆಸರಿನಲ್ಲಿ ಅಳವಡಿಸುವುದಾಗಿ ಪ್ರಕಟಿಸಿತು. ಇದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ಮೇಲೆ ಕಂಡ ನಿಮಿಷಗಳ ಲೆಕ್ಕವನ್ನು ನೆನೆದರೆ, ಆಸ್ಪತ್ರೆಯೊಳಗಿನ ಯಂತ್ರವು ಬಸ್ ನಿಲ್ದಾಣದಲ್ಲಿ ಕುಸಿದವನಿಗೆ ದೊರೆಯುವ ಹೊತ್ತಿಗೆ ಬಹಳ ತಡವಾಗಿರುತ್ತದೆ ಎಂಬುದೂ ಸ್ಪಷ್ಟ. 2008ರ ನವೆಂಬರ್ 1ರಂದು ಆರಂಭವಾದ 108 ಆರೋಗ್ಯ ಕವಚ ಸೇವೆಯಿಂದ ತುರ್ತು ಕರೆಗೆ ನಾಡಿನಲ್ಲಿ ಒಂದೇ ಸಂಖ್ಯೆ ದೊರೆತಿದೆ. ಊರಿನ ನಕ್ಷೆಯು ಶಾಲೆಯ ಗೋಡೆಯ ಮೇಲಿನ ಅಲಂಕಾರವಾಗಿ ಉಳಿಯದೆ, ಕರೆಯನ್ನು ಸ್ವೀಕರಿಸುವವನ ಕಣ್ಣಮುಂದೆ ಇದ್ದಾಗ ಮಾತ್ರ ಅದಕ್ಕೆ ಸಾರ್ಥಕತೆ.

ತಾಲ್ಲೂಕು ಕೇಂದ್ರವೊಂದನ್ನು ಕಣ್ಣಮುಂದೆ ತಂದುಕೊಂಡರೆ ನಕ್ಷೆಯ ಕೆಲಸ ಎಷ್ಟು ಸರಳ, ಎಷ್ಟು ತೊಡಕಿನದು ಎರಡೂ ತಿಳಿಯುತ್ತದೆ. ಜನ ಸೇರುವ ಸ್ಥಳಗಳನ್ನು ಗುರುತಿಸಲು ಪ್ರೌಢಶಾಲೆಯ ಹುಡುಗರೇ ಸಾಕು: ಬಸ್ ನಿಲ್ದಾಣ, ರೈಲು ನಿಲ್ದಾಣ, ನ್ಯಾಯಾಲಯ, ಕೃಷಿ ಮಾರುಕಟ್ಟೆಯ ಅಂಗಳ, ಕಲ್ಯಾಣ ಮಂಟಪ, ವಾರದ ಸಂತೆ. ಜಾತ್ರೆಯ ದಿನಗಳಲ್ಲಿ ಜನಸಾಂದ್ರತೆ ಪೂರ್ತಿ ಬೇರೆಡೆಗೆ ಸರಿಯುವುದರಿಂದ ಆ ದಿನಗಳಿಗೆ ಬೇರೊಂದು ನಕ್ಷೆಯೇ ಬೇಕಾದೀತು. ದೂರವನ್ನು ಹಕ್ಕಿ ಹಾರುವ ಗೆರೆಯಲ್ಲಿ ಅಳೆಯದೆ ಕಾಲುನಡೆಯ ಹಾದಿಯಲ್ಲಿ ಅಳೆಯಬೇಕು. ರೈಲುಹಳಿಯ ಆಚೆಗಿನ ಯಂತ್ರ 80 ಮೀಟರ್ ದೂರದಲ್ಲಿದ್ದರೂ ಗೇಟು ಮುಚ್ಚಿದಾಗ ಅದು ಬೇರೆ ಊರಿನದೇ. ಮೂರನೆಯ ಮಹಡಿಯ ಯಂತ್ರಕ್ಕೆ ಮೆಟ್ಟಿಲಿನ ವೇಳೆಯನ್ನೂ ಕೂಡಿಸಬೇಕು. ಹಸಿರು ಹಲಗೆಯ ಮೇಲೆ ಬಿಳಿಯ ಹೃದಯ, ಅದರ ನಡುವೆ ಮಿಂಚಿನ ಗೆರೆ ಇರುವ ಅಂತರರಾಷ್ಟ್ರೀಯ ಚಿಹ್ನೆಯನ್ನು ತಿರುವಿನಲ್ಲಿಯೇ ಕಾಣುವಂತೆ ಹಾಕಿ, ಅದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದರೆ ಓದು ಬಲ್ಲ ಯಾರಾದರೂ ಓಡಿ ತರಬಲ್ಲರು.

ದಾನಿಗಳಿಗೆ ಸಂಬಂಧಿಸಿದ ಒಂದು ವಿಷಯವನ್ನು ಸಂಕೋಚವಿಲ್ಲದೆ ಹೇಳುವುದು ಒಳ್ಳೆಯದು. ಕಟ್ಟಡಕ್ಕೆ ಕೊಟ್ಟ ದಾನ ಕಲ್ಲಿನಲ್ಲಿ ನಿಲ್ಲುತ್ತದೆ. ಈ ಯಂತ್ರಕ್ಕೆ ಕೊಟ್ಟ ದಾನ ಹಾಗೆ ನಿಲ್ಲುವುದಿಲ್ಲ. ಎದೆಗೆ ಅಂಟಿಸುವ ಪಟ್ಟಿಗಳ ಮೇಲಿನ ಲೇಪ ಕಾಲಕ್ರಮದಲ್ಲಿ ಒಣಗುತ್ತದೆ, ಪೊಟ್ಟಣದ ಮೇಲೆ ಅವಧಿ ಮುದ್ರಿತವಾಗಿರುತ್ತದೆ. ಬ್ಯಾಟರಿಗೂ ಆಯುಸ್ಸುಂಟು. ಸಾಮಾನ್ಯವಾಗಿ ಈ ಯಂತ್ರಗಳನ್ನು 50 ಡಿಗ್ರಿ ಸೆಲ್ಸಿಯಸ್ ಮೀರದ ಉಷ್ಣತೆಯಲ್ಲಿ ಇರಿಸಬೇಕೆಂದು ತಯಾರಕರು ಸೂಚಿಸುತ್ತಾರೆ. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಮೇಲಿನ ತಗಡಿನ ಪೆಟ್ಟಿಗೆಯೊಳಗೆ ಈ ಮಿತಿ ದಾಟುವುದು ಕಷ್ಟವೇನಲ್ಲ. ಆದುದರಿಂದ ಹತ್ತು ಯಂತ್ರಗಳನ್ನು ಕೊಟ್ಟು ಮರೆಯುವುದಕ್ಕಿಂತ ನಾಲ್ಕನ್ನು ಕೊಟ್ಟು, ಉಳಿದ ಹಣದ ಬಡ್ಡಿಯಿಂದ ಪಟ್ಟಿ ಬ್ಯಾಟರಿಗಳನ್ನು ಬದಲಿಸುತ್ತ ಬರುವ ಏರ್ಪಾಡು ಮಾಡುವುದೇ ಮೇಲು. ಉದ್ಘಾಟನೆಯ ಫೋಟೋದಲ್ಲಿ ಹತ್ತರ ಸಾಲು ಚೆನ್ನಾಗಿ ಕಾಣುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ.

ಯಂತ್ರ ಬರುವವರೆಗೆ ಕೈಗಳು ದುಡಿಯಬೇಕು. ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಮತ್ತೊಂದು ಕೈಯನ್ನಿರಿಸಿ, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಬಾರಿ, ವಯಸ್ಕರಲ್ಲಿ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತುವುದು ಕ್ರಮ. ಭಾರತದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗಾಗಿ ರೂಪಿಸಿದ ಕ್ರಮದಲ್ಲಿ ಬಾಯಿಗೆ ಬಾಯಿಟ್ಟು ಉಸಿರೂದುವ ಹಂತವನ್ನು ಕೈಬಿಟ್ಟು, ಎದೆಯೊತ್ತುವುದೊಂದನ್ನೇ ಹೇಳಲಾಗಿದೆ. ಇದರಿಂದ ಅಪರಿಚಿತರ ಸಂಕೋಚ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹುಡುಗರಿಗೆ ಇದನ್ನು ಕಲಿಸಲು ಒಂದು ಬೊಂಬೆ, ಒಂದು ಗಡಿಯಾರ, ಬಲ್ಲ ಒಬ್ಬ ಅಧ್ಯಾಪಕರು ಇದ್ದರೆ ಸಾಕು.

ಇನ್ನು ಶಾಲೆಯೇ ಯಂತ್ರವನ್ನು ಇರಿಸಿಕೊಂಡಲ್ಲಿ, ಅದು ಎಲ್ಲಿರಬೇಕೆಂಬ ಪ್ರಶ್ನೆ ಉಳಿಯುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟು ಭದ್ರವಾದ ಸ್ಥಳ. ಆದರೆ ಸಂಜೆ ಐದರ ಮೇಲೆ, ಭಾನುವಾರಗಳಲ್ಲಿ, ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ಅದು ಕೋಪನ್‌ಹೇಗನ್ನಿನ ಬೀಗ ಬಿದ್ದ ಕಚೇರಿಗಿಂತ ಉತ್ತಮವೇನಲ್ಲ. ಬೀದಿಗೆ ಮುಖವಾದ ಹೊರಗೋಡೆಯ ಮೇಲೆ, ಮಾಡಿನ ನೆರಳಿನಲ್ಲಿ, ದೀಪದ ಕೆಳಗೆ ಪೆಟ್ಟಿಗೆ ಇರಲಿ. ಬೀಗ ಅನಿವಾರ್ಯವೆಂದು ತೋರಿದರೆ ಕೀಲಿಕೈ ರಾತ್ರಿ ಕಾವಲುಗಾರನ ಬಳಿಯೂ ಎದುರು ಮನೆಯಲ್ಲಿಯೂ ಒಂದೊಂದು ಇರಲಿ, ಆ ಎರಡು ಕೀಲಿಕೈಗಳ ವಿವರ ನಕ್ಷೆಯಲ್ಲಿ ಯಂತ್ರದ ಗುರುತಿನ ಪಕ್ಕದಲ್ಲಿಯೇ ಬರೆದಿರಲಿ. ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ, ಹಾಜರಿ ಪುಸ್ತಕವನ್ನು ತೆರೆಯುವ ದಿನವೇ ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೇಲ್ತರಗತಿಯ ಹುಡುಗರು ಊರನ್ನು ಸುತ್ತಿ ಬಂದು, ಸ್ಥಳ ಬದಲಾದುದನ್ನು, ಅವಧಿ ಮೀರಿದುದನ್ನು, ಕೀಲಿಕೈ ಕಳೆದುದನ್ನು ಕೆಂಪು ಶಾಯಿಯಲ್ಲಿ ತಿದ್ದಬೇಕು.